ಕಾಡು ಕಡಲಿಗೆ ಕಾಲಿಳಿಬಿಟ್ಟ ಊರು: ಮಲೆನಾಡಿನವರು ಅಂಡಮಾನಿಗೆ ಯಾಕೆ, ಯಾವಾಗ, ಹೇಗೆ ಹೋಗಬೇಕು

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ ಕಡೆಯವರ ಮುಂದೆ ಅಂಡಮಾನ್ ಮಾತು ತೆಗೆದರೆ ಬರುವ ಮೊದಲ ಪ್ರಶ್ನೆ ಒಂದೇ. ಕಾಡು ನಮ್ಮ ತೋಟದ ಬೇಲಿಯಾಚೆಗೇ ಇದೆ, ಕಡಲು ನೋಡಬೇಕೆಂದರೆ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿದರೆ ಮಧ್ಯಾಹ್ನದ ಊಟಕ್ಕೆ ಮಂಗಳೂರು. ಅಷ್ಟು ದುಡ್ಡು ಸುರಿದು ಬಂಗಾಳ ಕೊಲ್ಲಿಯ ನಡುವಿಗೆ ಹೋಗುವುದು ಯಾಕೆ?

ನ್ಯಾಯವಾದ ಪ್ರಶ್ನೆ. ಉತ್ತರ ಇಷ್ಟೇ: ನಮ್ಮ ಕಡೆ ಕಾಡೂ ಇದೆ, ಕಡಲೂ ಇದೆ, ಎರಡೂ ಒಂದನ್ನೊಂದು ಮುಟ್ಟುವುದಿಲ್ಲ. ಘಟ್ಟದ ಬುಡದಲ್ಲಿ ಕಾಡು ಮುಗಿದ ಮೇಲೆ ಗದ್ದೆ, ಅಡಿಕೆ ತೋಟ, ಪೇಟೆ, ಹೆದ್ದಾರಿ, ಆಮೇಲೆ ಮರಳು. ಅಂಡಮಾನಿನಲ್ಲಿ ಆ ನಡುವಿನ ಪಟ್ಟಿಯೇ ಇಲ್ಲದ ಜಾಗಗಳು ಇನ್ನೂ ಉಳಿದಿವೆ. ಸ್ವರಾಜ್ ದ್ವೀಪದ ರಾಧಾನಗರ ಕಡಲತೀರದಲ್ಲಿ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಹಿಂದಕ್ಕೆ ತಿರುಗಿದರೆ ಮರಳಿನ ಅಂಚಿಗೇ ದೊಡ್ಡ ದೊಡ್ಡ ಕಡಲ ಮಹುವಾ ಮರಗಳ ಗೋಡೆ. ಅಲೆಯ ಸದ್ದಿನ ಜೊತೆಗೇ ಮರಕುಟಿಗದ ಕುಟುಕು ಕೇಳುತ್ತದೆ. ಉಪ್ಪುನೀರಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಬೇರುಗಳ ನಡುವೆ ಮೀನಿನ ಮರಿ ಈಜುತ್ತವೆ, ಅದೇ ಮರದ ತುದಿಯಲ್ಲಿ ಕಡಲ ಹದ್ದು ಕೂತಿರುತ್ತದೆ. ಕಾಡು ಓದಲು ಬಲ್ಲವರಿಗೆ, ಅಂದರೆ ಮರದ ಹೆಸರು, ಹಕ್ಕಿಯ ಕೂಗು ಗೊತ್ತಿರುವ ಮಲೆನಾಡಿನವರಿಗೆ, ಇದು ಬೆಂಗಳೂರಿನವರಿಗಿಂತ ಹೆಚ್ಚು ರುಚಿಸುವ ಊರು.

ಮೊದಲು ಅಳತೆ. ಅಂಡಮಾನ್ ಗುಂಪಿನ ದ್ವೀಪಗಳೆಲ್ಲ ಸೇರಿ 6,408 ಚದರ ಕಿ.ಮೀ. ಹಾಸನ ಜಿಲ್ಲೆ 6,814. ಒಂದು ಜಿಲ್ಲೆಯನ್ನು ಚೂರು ಮಾಡಿ ಉದ್ದಕ್ಕೆ ಸಮುದ್ರದಲ್ಲಿ ಚೆಲ್ಲಿದ ಹಾಗೆ. ಅದರ ಕೆಳಗೆ ನಿಕೋಬಾರ್ ಗುಂಪು, ಅಲ್ಲಿಗೆ ಪ್ರವಾಸಿಗಳಿಗೆ ಪ್ರವೇಶವಿಲ್ಲ ಎಂದೇ ತಿಳಿದುಕೊಳ್ಳಿ. ಎರಡೂ ಸೇರಿದ ನೆಲದಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲು ಕಾಡು. ಮಳೆ ವರ್ಷಕ್ಕೆ ಸುಮಾರು 3,000 ಮಿ.ಮೀ., ನಮ್ಮ ತೋಟದ ಲೆಕ್ಕದಲ್ಲಿ ಹೆಚ್ಚುಕಡಿಮೆ 120 ಇಂಚು. ನಮ್ಮಲ್ಲಿ ಜೂನ್–ಜುಲೈಯಲ್ಲೇ ಹೆಚ್ಚಿನದು ಸುರಿದುಬಿಡುತ್ತದೆ. ಅಲ್ಲಿ ನೈರುತ್ಯ, ಈಶಾನ್ಯ ಎರಡೂ ಮಾರುತಗಳು ಹಂಚಿಕೊಂಡು ಮೇ ತಿಂಗಳಿಂದ ಡಿಸೆಂಬರ್‌ವರೆಗೆ ಸುರಿಸುತ್ತವೆ.

ಹೆಸರುಗಳ ಗೊಂದಲ ಮೊದಲೇ ಬಿಡಿಸಿಕೊಳ್ಳಿ. ಹ್ಯಾವ್‌ಲಾಕ್ ಈಗ ಸ್ವರಾಜ್ ದ್ವೀಪ, ನೀಲ್ ಈಗ ಶಹೀದ್ ದ್ವೀಪ, ರಾಸ್ ಈಗ ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪ. ಮೂರೂ 2018ರಲ್ಲಿ ಬದಲಾದವು. ರಾಜಧಾನಿ ಪೋರ್ಟ್ ಬ್ಲೇರ್ 2024ರಲ್ಲಿ ಶ್ರೀ ವಿಜಯಪುರಂ ಆಯಿತು. ಮೌಂಟ್ ಹ್ಯಾರಿಯೆಟ್ 2021ರಿಂದ ಮೌಂಟ್ ಮಣಿಪುರ. ಟಿಕೆಟ್ಟಿನಲ್ಲಿ ಒಂದು ಹೆಸರು, ಆಟೋದವರ ಬಾಯಲ್ಲಿ ಇನ್ನೊಂದು ಇರುತ್ತದೆ. ಎರಡೂ ಒಂದೇ ಎಂದು ಗೊತ್ತಿದ್ದರೆ ಸಾಕು.

ಹೊನ್ನೆಯ ದಾಯಾದಿ, ಧೂಪದ ನೆಂಟ

ಭೂಗೋಳದ ಪ್ರಕಾರ ಅಂಡಮಾನ್ ನಮ್ಮ ನೆಲದ ತುಂಡಲ್ಲ. ಮ್ಯಾನ್ಮಾರಿನ ಅರಕಾನ್ ಬೆಟ್ಟಸಾಲು ಸಮುದ್ರಕ್ಕಿಳಿದು ಮತ್ತೆ ತಲೆ ಎತ್ತಿದ ಕಡೆ ಈ ದ್ವೀಪಗಳಾಗಿವೆ. ಹಾಗಾಗಿ ಕಾಡಿನ ಚಹರೆ ಬರ್ಮಾದ್ದು. ಆದರೂ ನಮ್ಮವರಿಗೆ ಗುರುತು ಹತ್ತುವ ಕುಟುಂಬಗಳು ಬೇಕಾದಷ್ಟಿವೆ.

ಅಲ್ಲಿನ ರಾಜಮರ ಪಡೌಕ್, ನಮ್ಮ ಹೊನ್ನೆಯ ದಾಯಾದಿ. ಎರಡೂ ಒಂದೇ ಕುಲ. ಗಾಯವಾದರೆ ಹೊನ್ನೆಯಿಂದ ರಕ್ತದಂಥ ಅಂಟು ಒಸರುವುದನ್ನು ಕಂಡವರಿಗೆ ಪಡೌಕಿನ ಕೆಂಪು ತಿರುಳು ಅಚ್ಚರಿ ತರಿಸುವುದಿಲ್ಲ. ಬುಡದಲ್ಲಿ ಹಲಗೆಯಂತೆ ಎದ್ದುನಿಲ್ಲುವ ಆನಿಕೆ ಬೇರು ಅದರ ಗುರುತು. ನಿತ್ಯಹರಿದ್ವರ್ಣ ಕಾಡಿನಲ್ಲಿ ಎಲ್ಲಕ್ಕಿಂತ ಮೇಲೆ ತಲೆ ಹಾಕುವುದು ಗರ್ಜನ್, 40 ಮೀಟರ್ ದಾಟುವ ಮರ. ಅದು ನಮ್ಮ ಘಟ್ಟದ ಧೂಪದ ಮರದ ಕುಟುಂಬದ್ದು. ಕೆಳಗೆ ಬೆತ್ತದ ಹಿಂಡು, ಮೇಲೆ ಬಳ್ಳಿ, ಕೊಂಬೆಗಳ ಮೇಲೆ ಸೀತಾಳೆ ಜಾತಿಯ ಗಿಡಗಳು. ತೋಟದ ನೆರಳುಮರ ನೋಡಿ ಪಳಗಿದ ಕಣ್ಣಿಗೆ ಇಲ್ಲಿನ ಅಂತಸ್ತುಗಳು ತಾವಾಗಿ ಬಿಡಿಸಿಕೊಳ್ಳುತ್ತವೆ.

ಮರದ ಮೇಲೆ ಆಸೆ ಇರುವವರು ಪೋರ್ಟ್ ಬ್ಲೇರಿನ ಚಾತಮ್ ಸಾಮಿಲ್ಲಿಗೆ ಒಂದೂವರೆ ಗಂಟೆ ಕೊಡಿ. 1883ರಲ್ಲಿ ಶುರುವಾದ ಸರ್ಕಾರಿ ಮಿಲ್ಲು, ಸೇತುವೆ ದಾಟಿದರೆ ಸಿಗುವ ಪುಟ್ಟ ದ್ವೀಪದ ತುಂಬ ಅದೇ. ಪಡೌಕ್, ಗರ್ಜನ್, ಅಮೃತಶಿಲೆಯಂತೆ ಗೆರೆ ಓಡುವ ಮಾರ್ಬಲ್ ಮರ, ಇವುಗಳ ತುಂಡು ಪಕ್ಕಪಕ್ಕದಲ್ಲಿ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ನೋಡಲು ಸಿಗುತ್ತವೆ. ಭಾನುವಾರ ರಜೆ. ಅದನ್ನು ನೋಡಿಕೊಂಡು ಕಾಡಿಗೆ ಹೋದರೆ ಅಲ್ಲಿ ಏನು ಕಡಿದು ಸಾಗಿಸಿದ್ದಾರೆ ಎನ್ನುವುದೂ ಅರ್ಥವಾಗುತ್ತದೆ.

ಕಾಡಿನೊಳಗೆ ನಿಜವಾಗಿ ನಡೆಯಲು ಮೂರು ಜಾಗ ಸಾಕು. ಒಂದು ಮೌಂಟ್ ಮಣಿಪುರ ರಾಷ್ಟ್ರೀಯ ಉದ್ಯಾನ, ಪೋರ್ಟ್ ಬ್ಲೇರಿನ ಎದುರು ದಂಡೆಯಲ್ಲಿ. ಎರಡನೆಯದು ಚಿಡಿಯಾ ಟಾಪು, ಪಟ್ಟಣದಿಂದ ದಕ್ಷಿಣಕ್ಕೆ ಸುಮಾರು 25 ಕಿ.ಮೀ. ಮೂರನೆಯದು ಉತ್ತರದ ಡಿಗ್ಲಿಪುರ ಬಳಿಯ ಸ್ಯಾಡಲ್ ಪೀಕ್, ಅಂಡಮಾನಿನ ಅತಿ ಎತ್ತರದ ತುದಿ, 732 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್ ಇರುವಾಗ ಇದೇನು ಮಹಾ ಎಂದುಕೊಂಡು ಹೊರಟವರು ದಾರಿಯ ಅರ್ಧದಲ್ಲೇ ಕೂತುಬಿಡುತ್ತಾರೆ. ಕಾರಣ ಸರಳ. ಮುಳ್ಳಯ್ಯನಗಿರಿಯಲ್ಲಿ ಗಾಡಿ ತುದಿಯ ಹತ್ತಿರದವರೆಗೂ ಹೋಗುತ್ತದೆ, ಗಾಳಿ ತಂಪು. ಸ್ಯಾಡಲ್ ಪೀಕ್‌ನಲ್ಲಿ ಕಡಲ ಮಟ್ಟದ ಲಾಮಿಯಾ ಬೇಯಿಂದ ನಡಿಗೆ ಶುರು, ಹಾಗಾಗಿ 732 ಮೀಟರಿನ ಪ್ರತಿ ಮೀಟರನ್ನೂ ಕಾಲಿನಲ್ಲೇ ಹತ್ತಬೇಕು, ಅದೂ ಬೆವರು ಒಣಗದ ಸೆಕೆಯಲ್ಲಿ. ಒಂದು ಕಡೆಗೆ ಸುಮಾರು 8 ಕಿ.ಮೀ., ಮೊದಲ ಪಾಲು ಕಡಲಂಚಿನಲ್ಲಿ ಸಲೀಸು, ಆಮೇಲೆ ನಿಟ್ಟೇರು. ತಲೆಗೆ 3 ಲೀಟರ್ ನೀರು, ಉಪ್ಪು–ಸಕ್ಕರೆ ಪುಡಿ, ಬೆಳಕು ಹರಿಯುವಾಗಲೇ ಅರಣ್ಯ ಇಲಾಖೆಯ ಗೇಟಿನಲ್ಲಿ ಇರುವುದು, ಇವು ಮೂರೂ ಇರಲಿ.

ಹುಲಿ ಇಲ್ಲದ ಕಾಡು

ಭದ್ರಾ, ಮುತ್ತೋಡಿಯ ಸಫಾರಿ ಮಾಡಿದವರು ಅದೇ ಕಣ್ಣಿಟ್ಟುಕೊಂಡು ಅಂಡಮಾನಿಗೆ ಹೋದರೆ ಏನೂ ಕಾಣುವುದಿಲ್ಲ. ಹುಲಿ, ಚಿರತೆ, ಕಾಟಿ, ಮುಸಿಯ, ಕೆಂಜಳಿಲು ಯಾವುದೂ ಅಲ್ಲಿಲ್ಲ. ನೆಲದ ದೊಡ್ಡ ಪ್ರಾಣಿಗಳು ಆಳವಾದ ಸಮುದ್ರ ದಾಟಿ ಬರಲಿಲ್ಲ. ಅಲ್ಲಿ ಸ್ವಂತವಾಗಿ ಇರುವ ಸಸ್ತನಿಗಳು ಕಾಡುಹಂದಿ, ಪುನುಗು, ಬಾವಲಿ, ಮೂಗಿಲಿಯಂಥವು. ಈ ಕೊರತೆಯೇ ಅಲ್ಲಿನ ಕಾಡಿನ ಸ್ವಾರಸ್ಯ ಎಂಬುದು ನಮ್ಮ ಅಭಿಪ್ರಾಯ. ಹಕ್ಕಿ, ಹಲ್ಲಿ, ಹಾವು ತಮ್ಮಷ್ಟಕ್ಕೆ ಬೇರೆಯೇ ದಾರಿ ಹಿಡಿದು ಬೆಳೆದಿವೆ.

ಉದಾಹರಣೆಗೆ ಅಂಡಮಾನ್ ಹಗಲು ಹಲ್ಲಿ. ನಮ್ಮ ಮನೆಯ ಹಲ್ಲಿ ದೀಪ ಹಚ್ಚಿದ ಮೇಲೆ ಹೊರಬಂದರೆ ಇದು ಬಿಸಿಲಿನಲ್ಲೇ ಓಡಾಡುತ್ತದೆ. ಚಿಗುರು ಹಸಿರು ಮೈ, ಬೆನ್ನ ಮೇಲೆ ಕೆಂಪು ಚುಕ್ಕೆ. ಅದರ ಕುಲದ ಮಿಕ್ಕ ನೆಂಟರೆಲ್ಲ ಇರುವುದು ಮಡಗಾಸ್ಕರ್ ಮತ್ತು ಸುತ್ತಲ ದ್ವೀಪಗಳಲ್ಲಿ. ನೋಡಲು ಕಾಡಿಗೇ ಹೋಗಬೇಕಿಲ್ಲ, ಸ್ವರಾಜ್ ದ್ವೀಪದಲ್ಲಿ ಉಳಿದುಕೊಂಡ ಮನೆಯ ಬಾಳೆಗಿಡ, ತೆಂಗು, ಕೇದಗೆ ಎಲೆಗಳ ಬುಡವನ್ನು ಬೆಳಿಗ್ಗೆ ಎಂಟು–ಒಂಬತ್ತರ ಹೊತ್ತಿಗೆ ತಾಳ್ಮೆಯಿಂದ ನೋಡಿದರೆ ಸಾಕು. ಕಾಳಿಂಗ ಸರ್ಪವೂ ಅಲ್ಲಿದೆ, ಆದರೆ ನಮ್ಮ ಕಾಳಿಂಗ ಅಲ್ಲ. ಪಶ್ಚಿಮ ಘಟ್ಟದ್ದು ಬೇರೆಯೇ ಪ್ರಭೇದ ಎಂದು 2024ರಲ್ಲಿ ಬೇರ್ಪಡಿಸಿದಾಗ ವಿಜ್ಞಾನಿಗಳು ಅದಕ್ಕೆ ಕನ್ನಡದ ‘ಕಾಳಿಂಗ’ ಎಂಬ ಹೆಸರನ್ನೇ ಕೊಟ್ಟರು.

ಚುಕ್ಕೆ ಜಿಂಕೆ ಮಾತ್ರ ಅಂಡಮಾನಿನಲ್ಲಿ ಧಾರಾಳ. ರಾಸ್ ದ್ವೀಪದಲ್ಲಿ ಕೈಯ ಹತ್ತಿರವೇ ಬರುತ್ತವೆ, ಎಲ್ಲರೂ ಫೋಟೋ ತೆಗೆದುಕೊಳ್ಳುತ್ತಾರೆ. ಆದರೆ ಅವು ಬ್ರಿಟಿಷರು ತಂದು ಬಿಟ್ಟ ಜಿಂಕೆಗಳು. ಭದ್ರಾದಲ್ಲಿ ಜಿಂಕೆಯ ಹಿಂದೆ ಹುಲಿ, ಚಿರತೆ, ಸೀಳುನಾಯಿ ಇರುತ್ತವೆ. ಇಲ್ಲಿ ಹಿಂದೆ ಯಾರೂ ಇಲ್ಲ. ಮೊಳಕೆ, ಸಸಿ ಮೇಲೇಳುವ ಮೊದಲೇ ಮೇಯ್ದುಬಿಟ್ಟರೆ ದೊಡ್ಡ ಮರ ಬಿದ್ದ ಜಾಗಕ್ಕೆ ಇನ್ನೊಂದು ಬರುವುದಿಲ್ಲ. ಕಾಡಿನಲ್ಲಿ ನಡೆಯುವಾಗ ನೆಲಮಟ್ಟ ನೋಡಿ: ದೊಡ್ಡ ಮರಗಳಿದ್ದು ಮಂಡಿಯೆತ್ತರದ ಸಸಿಗಳೇ ಇಲ್ಲದಿದ್ದರೆ ಅದು ಜಿಂಕೆ ಮೇಯ್ದ ಕಾಡು. ಮರದ ದಿಮ್ಮಿ ಎಳೆಯಲು ತಂದ ಆನೆಗಳು ಇಂಟರ್‌ವ್ಯೂ ಎಂಬ ದ್ವೀಪದಲ್ಲಿ ಕಾಡುಪಾಲಾಗಿ ಇದೇ ಕೆಲಸ ದೊಡ್ಡ ಪ್ರಮಾಣದಲ್ಲಿ ಮಾಡಿವೆ. ನಮ್ಮ ಗದ್ದೆಯ ದೊಡ್ಡ ಗೋಂಕರಕಪ್ಪೆ ಕೂಡ ಅಲ್ಲಿಗೆ ಸೇರಿಕೊಂಡಿದೆ. ಅದರ ಗೊದಮೊಟ್ಟೆಗಳು ಅಲ್ಲಿನ ಕಪ್ಪೆಗಳ ಗೊದಮೊಟ್ಟೆಗಳನ್ನು ತಿನ್ನುತ್ತವೆ.

ಹಾಗಾಗಿ ತೋಟದವರಿಗೆ ಒಂದು ಕೆಲಸ. ಹೊರಡುವ ಮುನ್ನ ಬೂಟಿನ ತಳದ ಮಣ್ಣನ್ನು ಬ್ರಶ್ ಹಾಕಿ ತೊಳೆದು ಬಿಸಿಲಿಗೆ ಒಣಗಿಸಿ. ಚೀಲದ ಹೊಲಿಗೆ, ಪ್ಯಾಂಟಿನ ಮಡಿಕೆಗಳಲ್ಲಿ ಅಂಟಿದ ಬೀಜ ತೆಗೆಯಿರಿ. ಅಲ್ಲಿನ ನೆಂಟರಿಗೆಂದು ಮೆಣಸಿನ ಬಳ್ಳಿ, ಕಾಫಿ ಸಸಿ ಒಯ್ಯಬೇಡಿ, ಅಲ್ಲಿಂದ ಸೀತಾಳೆ ಗಿಡ ಕಿತ್ತು ತರಬೇಡಿ. ಎರಡನೆಯದು ಅಪರಾಧವೂ ಹೌದು.

ಹಕ್ಕಿಗಳು, ಮತ್ತು ಅಲ್ಲಿನ ಗಡಿಯಾರ

ಇಡೀ ಪ್ರಯಾಣದಲ್ಲಿ ಹೆಚ್ಚು ಜನ ಎಡವುವುದು ಸಮಯದ ವಿಷಯದಲ್ಲಿ. ಪೋರ್ಟ್ ಬ್ಲೇರ್ ನಮಗಿಂತ ಸುಮಾರು 17 ಡಿಗ್ರಿ ಪೂರ್ವಕ್ಕಿದೆ, ಗಡಿಯಾರ ಮಾತ್ರ ಒಂದೇ. ಡಿಗ್ರಿಗೆ 4 ನಿಮಿಷದಂತೆ ಒಂದು ಗಂಟೆಗೂ ಮೇಲೆ ವ್ಯತ್ಯಾಸ. ಡಿಸೆಂಬರಿನಲ್ಲಿ ಐದಕ್ಕೆಲ್ಲ ಸೂರ್ಯ ಮುಳುಗಿ ಐದೂವರೆಗೆ ಕತ್ತಲು. ಮೇ ತಿಂಗಳಲ್ಲಿ ಬೆಳಿಗ್ಗೆ ಐದಕ್ಕೆ ಮೊದಲೇ ಸೂರ್ಯ ಮೇಲೆದ್ದಿರುತ್ತಾನೆ. ಎಂಟಕ್ಕೆ ತಿಂಡಿ, ಒಂಬತ್ತಕ್ಕೆ ಹೊರಡೋಣ ಎನ್ನುವವರು ದಿನದ ಒಳ್ಳೆಯ ಮೂರು ಗಂಟೆ ಕಳೆದುಕೊಂಡಿರುತ್ತಾರೆ. ರಾತ್ರಿ ಒಂಬತ್ತಕ್ಕೆ ಮಲಗಿ ನಾಲ್ಕೂವರೆಗೆ ಏಳಿ. ಹಿಂದಿನ ರಾತ್ರಿಯೇ ಬಾಳೆಹಣ್ಣು, ಬ್ರೆಡ್ಡು ತೆಗೆದಿಟ್ಟುಕೊಳ್ಳಿ.

ಐದರಿಂದ ಏಳೂವರೆ, ಇದು ಚಿಡಿಯಾ ಟಾಪುವಿನ ಸಮಯ. ಅಂಡಮಾನ್ ಮರಕುಟಿಗ ಕಪ್ಪು ಮೈ, ಕೆಂಪು ಜುಟ್ಟಿನ ದೊಡ್ಡ ಹಕ್ಕಿ. ನಮ್ಮ ಘಟ್ಟದ ಬಿಳಿಹೊಟ್ಟೆಯ ಕರಿ ಮರಕುಟಿಗದ ಕುಲದ್ದೇ, ಇದಕ್ಕೆ ಆ ಬಿಳಿ ಹೊಟ್ಟೆ ಇಲ್ಲ. ನಮ್ಮ ಕೆಂಬೂತ ಕಪ್ಪು, ರೆಕ್ಕೆ ಕೆಂಪು. ಅಲ್ಲಿನದು ಪೂರ್ತಿ ಕಂದು, ಕೂಗು ಕೇಳಿದರೆ ಮಾತ್ರ ಸಂಬಂಧಿ ಎಂದು ಗೊತ್ತಾಗುತ್ತದೆ. ಅಂಡಮಾನ್ ಕಾಜಾಣ, ಅಂಡಮಾನ್ ಮಟಪಕ್ಷಿ, ಅಂಡಮಾನ್ ಪಿಕಳಾರ, ಅಂಡಮಾನ್ ಹಾವುಗಿಡುಗ, ಕಾಡು ಪಾರಿವಾಳ, ಎಲ್ಲ ಈ ದ್ವೀಪಗಳ ಆಸುಪಾಸು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಸಿಗದವು. ನೋಡಿದ ಹಕ್ಕಿಗಳ ಪಟ್ಟಿ ಇಡುವವರಿಗೆ ಎರಡು ಬೆಳಗಿನಲ್ಲಿ ಒಂದು ಡಜನ್ ಹೊಸ ಹೆಸರು ಸೇರುವ ಜಾಗ ದೇಶದಲ್ಲಿ ಹೆಚ್ಚಿಲ್ಲ. ಕತ್ತಲಾದ ಮೇಲೆ ಅದೇ ರಸ್ತೆಯಲ್ಲಿ ಸ್ಥಳೀಯ ಗೈಡ್ ಜೊತೆ ನಿಂತರೆ ಗೂಬೆಗಳು ಮತ್ತು ಅಂಡಮಾನ್ ನತ್ತಿಂಗ. ಮೊಬೈಲಿನಲ್ಲಿ ಗೂಬೆಯ ಕೂಗು ಹಾಕಿ ಮತ್ತೆ ಮತ್ತೆ ಕರೆಯುವ ಗೈಡ್ ಸಿಕ್ಕರೆ ಬೇಡ ಎನ್ನಿ. ಆ ಹಕ್ಕಿ ತನ್ನ ಜಾಗ ಕಾಯಲು ಬರುತ್ತದೆ, ಬೇಟೆಯ ಹೊತ್ತು ಹಾಳಾಗುತ್ತದೆ.

ಅಂಡಮಾನ್ ಬಾತುಕೋಳಿಗೆ ಸಿಪ್ಪಿಘಾಟ್. ಈ ಜೌಗುಭೂಮಿಯ ಕಥೆ ಬೇರೆ. 2004ರ ಡಿಸೆಂಬರ್ 26ರ ಭೂಕಂಪದಲ್ಲಿ ದಕ್ಷಿಣ ಅಂಡಮಾನಿನ ನೆಲ ಕುಸಿದು, ಗದ್ದೆ–ತೋಟಗಳ ಮೇಲೆ ಕಡಲ ನೀರು ಬಂದು ನಿಂತಿತು. ರೈತರ ಜಮೀನು ಹೋಯಿತು, ನೀರುಹಕ್ಕಿ ಬಂದವು. ಅದೇ ಕಂಪನದಲ್ಲಿ ಉತ್ತರದ ಕಡೆ ನೆಲ ಮೇಲೆದ್ದು ಹವಳದ ದಿಬ್ಬಗಳು ನೀರಿನಿಂದ ಹೊರಬಿದ್ದು ಸತ್ತವು. ಸ್ವರಾಜ್ ದ್ವೀಪದ ಎಲಿಫೆಂಟ್ ಬೀಚಿನಲ್ಲಿ ಮರಳ ಮೇಲೆ ಮಲಗಿರುವ ಬೂದು ಬಣ್ಣದ ಮರಗಳೂ ಆಗಿನವೇ.

ನಾರ್ಕೊಂಡಮ್ ಮಂಗಟ್ಟೆ ಹಕ್ಕಿ ನೋಡಬಹುದೇ ಎಂದು ಕೇಳುವವರಿಗೆ: ಇಲ್ಲ. ಅದು ಸುಮಾರು 7 ಚದರ ಕಿ.ಮೀ.ನ ಒಂದೇ ದ್ವೀಪದಲ್ಲಿದೆ, ಅಲ್ಲಿಗೆ ಪ್ರವಾಸವಿಲ್ಲ, ಇರಲೂಬಾರದು.

ಹೋಗುವ ತಿಂಗಳು, ಪಂಚಾಂಗದ ತಿಥಿ

ಸಮುದ್ರ ಶಾಂತವಾಗಿ, ನೀರು ತಿಳಿಯಾಗಿರುವುದು ಜನವರಿಯಿಂದ ಏಪ್ರಿಲ್. ನವೆಂಬರ್–ಡಿಸೆಂಬರಿನಲ್ಲಿ ಕೊಲ್ಲಿಯ ಚಂಡಮಾರುತ ಯಾವಾಗ ಬೇಕಾದರೂ ಫೆರ್ರಿ ನಿಲ್ಲಿಸುತ್ತದೆ, ವರ್ಷದ ಕೊನೆಯ ವಾರವಂತೂ ಜನಜಾತ್ರೆ. ತೋಟ ಇರುವವರಿಗೆ ತೊಡಕು ಇಲ್ಲೇ: ಅರೇಬಿಕಾ ಕುಯ್ಲು, ರೋಬಸ್ಟಾ ಕುಯ್ಲು, ಮೆಣಸು, ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರ್, ಎಲ್ಲ ಇದೇ ತಿಂಗಳುಗಳಲ್ಲಿ. ನಮ್ಮ ಲೆಕ್ಕದಲ್ಲಿ ಎರಡು ಕಿಂಡಿ ಸಿಗುತ್ತವೆ. ಅರೇಬಿಕಾ ಕಣದಿಂದ ಎದ್ದು ರೋಬಸ್ಟಾ ಶುರುವಾಗುವ ಮುನ್ನ, ಜನವರಿ ಕೊನೆ. ಇಲ್ಲವೇ ಹೂಮಳೆ, ಅದರ ಬೆನ್ನಿಗೆ ಬೇಕಾದ ಬ್ಯಾಕಿಂಗ್ ಮಳೆ ಎರಡೂ ಮುಗಿದ ಮೇಲೆ ಏಪ್ರಿಲ್ ಎರಡನೇ ವಾರದಿಂದ ತಿಂಗಳ ಕೊನೆ, ಮಕ್ಕಳಿಗೂ ಆಗ ರಜೆ. ಮೇ ಎರಡನೇ ವಾರದ ಮೇಲೆ ಮಳೆಯ ಭರವಸೆ ಇಲ್ಲ.

ಕಡಲಾಮೆಗಾಗಿ ಹೋಗುವುದಾದರೆ ಜನವರಿ–ಫೆಬ್ರವರಿ. ಡಿಗ್ಲಿಪುರದ ಕಾಲಿಪುರ ತೀರದಲ್ಲಿ ಆಲಿವ್ ರಿಡ್ಲೆ, ಹಸಿರಾಮೆ, ಗಿಡುಗಕೊಕ್ಕಿನ ಆಮೆ, ತೊಗಲುಬೆನ್ನಿನ ಆಮೆ, ನಾಲ್ಕೂ ಮೊಟ್ಟೆ ಇಡುತ್ತವೆ. ಅರಣ್ಯ ಇಲಾಖೆಯವರು ಮೊಟ್ಟೆ ಸಂಗ್ರಹಿಸಿ ಬೇಲಿ ಹಾಕಿ ಕಾಪಾಡುತ್ತಾರೆ, ಅವರ ಜೊತೆಯಲ್ಲೇ ಹೋಗಿ. ಬಿಳಿ ಟಾರ್ಚ್, ಫ್ಲಾಶ್ ಬೇಡವೇ ಬೇಡ. ನೀರಿನಿಂದ ಮೇಲೆ ಬರುತ್ತಿರುವ ಆಮೆ ಬೆಳಕು ಕಂಡರೆ ಮೊಟ್ಟೆಯಿಡದೆ ತಿರುಗಿ ಹೋಗುತ್ತದೆ, ಮರಿಗಳು ಬೆಳಕನ್ನೇ ಕಡಲೆಂದು ತಿಳಿದು ದಿಕ್ಕು ತಪ್ಪುತ್ತವೆ. ಮೊಟ್ಟೆ ಇಡಲು ಶುರುಮಾಡುವವರೆಗೆ ದೂರ ಕೂತಿರಬೇಕು, ಆಮೇಲೆ ಹಿಂಬದಿಯಿಂದ ಮಾತ್ರ ಹತ್ತಿರ ಹೋಗಬೇಕು.

ತಿಂಗಳು ಗೊತ್ತಾದ ಮೇಲೆ ತಿಥಿ ನೋಡಿ. ಇದು ಶಾಸ್ತ್ರಕ್ಕಲ್ಲ, ಉಬ್ಬರ–ಇಳಿತಕ್ಕೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಅತಿ ಹೆಚ್ಚು ಏರಿ ಅತಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಸುತ್ತ ಏರಿಳಿತ ಕಡಿಮೆ. ಸುಮಾರು ಆರು ಗಂಟೆಗೊಮ್ಮೆ ಉಬ್ಬರ ಇಳಿತವಾಗುತ್ತದೆ, ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇವತ್ತು ಎಂಟಕ್ಕೆ ಇಳಿತವಾದರೆ ನಾಳೆ ಒಂಬತ್ತರ ಹತ್ತಿರ. ಶಹೀದ್ ದ್ವೀಪದ ಲಕ್ಷ್ಮಣಪುರ–2ರ ಹವಳಗಲ್ಲಿನ ಕಮಾನು, ಅದರ ಸುತ್ತಲ ಹೊಂಡಗಳಲ್ಲಿ ಸಿಗುವ ನಕ್ಷತ್ರಮೀನು, ಕಡಲ ಸೌತೆ, ಏಡಿ, ಇವನ್ನೆಲ್ಲ ನೋಡಲು ಅಮಾವಾಸ್ಯೆ–ಹುಣ್ಣಿಮೆಯ ದೊಡ್ಡ ಇಳಿತ ಬೇಕು. ಇಳಿತದ ಹೊತ್ತಿಗೆ ಒಂದು ಗಂಟೆ ಮೊದಲು ತಲುಪಿ ನೀರು ತಿರುಗುತ್ತಿದ್ದಂತೆ ಹೊರಡಿ. ಪಾಚಿ ಕಟ್ಟಿದ ಕಲ್ಲು ಜಾರುತ್ತದೆ, ಹವಾಯಿ ಚಪ್ಪಲಿ ನಡೆಯುವುದಿಲ್ಲ. ಅದೇ ಇಳಿತದ ಹೊತ್ತಿಗೆ ಭರತ್‌ಪುರ ತೀರಕ್ಕೆ ಈಜಲು ಹೋದವರಿಗೆ ಮೊಣಕಾಲುದ್ದ ನೀರು ಮತ್ತು ಕಾಲು ಕೊಯ್ಯುವ ಹವಳ. ಪ್ಯಾಕೇಜಿನವರು ತಮ್ಮ ಗಾಡಿ ಬಿಡುವಿರುವ ಹೊತ್ತಿಗೆ ಕರೆದೊಯ್ಯುತ್ತಾರೆ, ತೀರ ಚೆನ್ನಾಗಿಲ್ಲ ಎಂಬ ಎಷ್ಟೋ ದೂರುಗಳ ಹಿಂದೆ ಇರುವುದು ಇಷ್ಟೇ. ಕಡಲಿನ ನೀಲಿ ಮಿಣುಕು ನೋಡುವ ರಾತ್ರಿ ದೋಣಿಗೂ ಅಮಾವಾಸ್ಯೆಯ ಕತ್ತಲೇ ಆಗಬೇಕು.

ಹೋಗುವ ದಾರಿ

ಹಾಸನದಿಂದ ಬೆಂಗಳೂರಿಗೆ 185 ಕಿ.ಮೀ., ಚಿಕ್ಕಮಗಳೂರಿನಿಂದ 245ರ ಹತ್ತಿರ. ನಗರದೊಳಗೆ ಹೋಗದೆ ನೆಲಮಂಗಲದಿಂದ ದೊಡ್ಡಬಳ್ಳಾಪುರದ ರಸ್ತೆ ಹಿಡಿದರೆ ದೇವನಹಳ್ಳಿ ಸೇರಬಹುದು. ಬೆಂಗಳೂರಿನಿಂದ ನೇರ ವಿಮಾನ ಎರಡೂವರೆ ಗಂಟೆಯ ಪ್ರಯಾಣ. ಬೆಳಗಿನ ವಿಮಾನ ಹಿಡಿಯಲು ಹಿಂದಿನ ಸಂಜೆಯೇ ಊರು ಬಿಡಬೇಕು. ಚೆನ್ನೈಯಿಂದ ಹಡಗೂ ಇದೆ, ಸುಮಾರು 1,190 ಕಿ.ಮೀ., ಎರಡೂವರೆ–ಮೂರು ದಿನ ಹಿಡಿಯುತ್ತದೆ. ರಜೆ ಎಣಿಸಿ ಬರುವವರಿಗೆ ಅದು ಹೊಂದುವುದಿಲ್ಲ.

ದ್ವೀಪಗಳ ನಡುವೆ ಸರ್ಕಾರಿ ಫೆರ್ರಿ ಅಗ್ಗ, ನಿಧಾನ, ಟಿಕೆಟ್ ಬೇಗ ಮುಗಿಯುತ್ತದೆ. ಖಾಸಗಿ ಫೆರ್ರಿ ದುಬಾರಿ, ಒಂದೂವರೆಯಿಂದ ಎರಡೂವರೆ ಗಂಟೆಯಲ್ಲಿ ಸ್ವರಾಜ್ ದ್ವೀಪ. ಜೆಟ್ಟಿ ಬೇರೆ ಬೇರೆ ಇರಬಹುದು, ಟಿಕೆಟ್ಟಿನ ಮೇಲೆ ಯಾವ ಜೆಟ್ಟಿ ಎಂದು ನೋಡಿಕೊಂಡೇ ಆಟೋ ಹತ್ತಿ. ಚಾರ್ಮಾಡಿ, ಶಿರಾಡಿ ಘಾಟಿಯ ತಿರುವುಗಳಲ್ಲಿ ಹೊಟ್ಟೆ ತೊಳಸುವವರಿಗೆ ಫೆರ್ರಿಯಲ್ಲೂ ಹಾಗೆಯೇ ಆಗುತ್ತದೆ. ವೈದ್ಯರನ್ನು ಕೇಳಿ ವಾಂತಿ ತಡೆಯುವ ಮಾತ್ರೆಯನ್ನು ಹತ್ತುವ ಒಂದು ಗಂಟೆ ಮೊದಲೇ ನುಂಗಬೇಕು, ತೊಳಸಲು ಶುರುವಾದ ಮೇಲೆ ನುಂಗಿದರೆ ಪ್ರಯೋಜನವಿಲ್ಲ. ಕೆಳ ಅಂತಸ್ತಿನ ನಡು ಭಾಗದಲ್ಲಿ ಕೂತು, ಮೊಬೈಲ್ ಒಳಗಿಟ್ಟು, ದೂರದ ಬಾನಂಚು ನೋಡಿ.

ಏಳು ರಾತ್ರಿಗಿಂತ ಕಡಿಮೆಯಾದರೆ ಹೋಗಬೇಡಿ ಎಂದೇ ಹೇಳುತ್ತೇವೆ. ನಾಲ್ಕು ರಾತ್ರಿಯಲ್ಲಿ ಮೂರು ದ್ವೀಪ, ಒಂದು ಗುಹೆ ಎಂಬ ಪ್ಯಾಕೇಜಿನಲ್ಲಿ ಹೆಚ್ಚಿನ ಹೊತ್ತು ಜೆಟ್ಟಿಯ ಸಾಲಿನಲ್ಲೇ ಕಳೆಯುತ್ತದೆ. ಪೋರ್ಟ್ ಬ್ಲೇರ್ 2, ಸ್ವರಾಜ್ 3, ಶಹೀದ್ 1, ಮತ್ತೆ ಪೋರ್ಟ್ ಬ್ಲೇರ್ 1. ಈ ಕೊನೆಯ ರಾತ್ರಿಯನ್ನು ಯಾವ ಕಾರಣಕ್ಕೂ ಬಿಡಬೇಡಿ. ಗಾಳಿ ಎದ್ದು ಫೆರ್ರಿ ರದ್ದಾದರೆ ಅದೇ ದಿನದ ವಿಮಾನ ಕೈತಪ್ಪುತ್ತದೆ. ಡಿಗ್ಲಿಪುರ ಸೇರಿಸುವುದಾದರೆ ಇನ್ನೂ ಮೂರು ದಿನ.

ಡಿಗ್ಲಿಪುರಕ್ಕೆ, ಬಾರಾಟಾಂಗ್ ಗುಹೆಗೆ ಹೋಗುವ ಹೆದ್ದಾರಿ ಜಾರವಾ ಎಂಬ ಆದಿವಾಸಿ ಜನರ ಮೀಸಲು ಕಾಡನ್ನು ಸೀಳಿಕೊಂಡು ಹೋಗುತ್ತದೆ. ಜಿರ್ಕಾಟಾಂಗ್‌ನಿಂದ ಪೊಲೀಸ್ ಕಾವಲಿನ ಸಾಲಿನಲ್ಲೇ ಗಾಡಿ ಬಿಡುತ್ತಾರೆ. ನಿಲ್ಲಿಸುವುದು, ಫೋಟೋ ತೆಗೆಯುವುದು, ತಿಂಡಿ ಕೊಡುವುದು ಜೈಲು ಶಿಕ್ಷೆಯ ಅಪರಾಧ. ಈ ರಸ್ತೆಯನ್ನು ಮುಚ್ಚಬೇಕೆಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿತ್ತು. ಕೆಲವೇ ನೂರು ಮಂದಿ ಉಳಿದಿರುವ ಜನ ಅವರು, ಹೊರಗಿನ ರೋಗಗಳ ಎದುರು ನಿಲ್ಲುವ ಶಕ್ತಿ ಅವರಿಗೆ ಕಡಿಮೆ. ‘ಜಾರವಾ ತೋರಿಸುತ್ತೇವೆ’ ಎಂದು ಪಿಸುಗುಡುವ ಏಜೆಂಟ್ ಸಿಕ್ಕರೆ ಅಲ್ಲಿಂದ ಎದ್ದುಬನ್ನಿ. ಗುಹೆ ನೋಡಲು ಆ ಕಾಡು ಸೀಳಬೇಕಿಲ್ಲ ಎಂಬುದು ನಮ್ಮ ನಿಲುವು. ಡಿಗ್ಲಿಪುರಕ್ಕೆ ಹಡಗು ಇರುವ ದಿನ ನೋಡಿಕೊಂಡು ಹೊರಡಿ.

ನೀರಿನೊಳಗೆ

ಪೋರ್ಟ್ ಬ್ಲೇರ್ ಬಳಿಯ ವಂಡೂರಿನಿಂದ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನಕ್ಕೆ ದೋಣಿ. 1983ರಲ್ಲಿ ಆದ ಉದ್ಯಾನ, 15 ದ್ವೀಪ, 281.5 ಚದರ ಕಿ.ಮೀ. ಜಾಲಿ ಬಾಯ್ ದ್ವೀಪ ಮಳೆಗಾಲ ಬಿಟ್ಟು ತೆರೆದಿರುತ್ತದೆ, ಮಿಕ್ಕ ತಿಂಗಳು ರೆಡ್ ಸ್ಕಿನ್. ಪ್ಲಾಸ್ಟಿಕ್ ಒಳಗೆ ಬಿಡುವುದಿಲ್ಲ, ಸ್ಟೀಲ್ ಬಾಟಲಿ ಒಯ್ಯಿರಿ. ಹವಳ ಎಂದರೆ ಟಿವಿಯ ಬಣ್ಣ ನಿರೀಕ್ಷಿಸಬೇಡಿ. 1998, 2010, 2016ರಲ್ಲಿ ನೀರು ಬಿಸಿಯಾಗಿ ಹವಳದ ಹುಳುಗಳು ತಮ್ಮೊಳಗೆ ಸಾಕಿಕೊಂಡಿದ್ದ ಪಾಚಿಯನ್ನು ಹೊರಹಾಕಿದವು. ಅನ್ನ ಕೊಡುವುದು ಆ ಪಾಚಿಯೇ. ಅದು ಹೋದರೆ ಹವಳ ಬಿಳುಚಿಕೊಳ್ಳುತ್ತದೆ, ವಾರಗಟ್ಟಲೆ ಹಾಗೇ ಇದ್ದರೆ ಸಾಯುತ್ತದೆ. ದಡದ ಹತ್ತಿರ ಬಹಳ ಸತ್ತಿದೆ, ಸ್ವಲ್ಪ ಆಳದಲ್ಲಿ ಇನ್ನೂ ಚೆನ್ನಾಗಿದೆ.

ಸ್ನಾರ್ಕೆಲ್ ಮಾಡುವಾಗ, ಅಂದರೆ ಬಾಯಿಗೆ ಉಸಿರಾಟದ ಕೊಳವೆ ಇಟ್ಟುಕೊಂಡು ನೀರಿನ ಮೇಲೆ ತೇಲುತ್ತ ಕೆಳಗೆ ನೋಡುವಾಗ, ಮಾಸ್ಕನ್ನು ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಲ್ಲಿ ಉಸಿರೆಳೆಯಿರಿ. ಕೈ ಬಿಟ್ಟರೂ ಅಂಟಿಕೊಂಡು ನಿಂತರೆ ಅಳತೆ ಸರಿ. ಕೂದಲ ಎಳೆ ಒಳಗೆ ಸಿಕ್ಕರೆ, ಮೀಸೆ ದಪ್ಪವಿದ್ದರೆ ನೀರು ಸೇರುತ್ತದೆ; ಮೀಸೆಗೆ ವ್ಯಾಸಲೀನ್ ಹಚ್ಚಿಕೊಳ್ಳಿ. ಪಟ್ಟಿ ಬಿಗಿದರೆ ಸೋರಿಕೆ ನಿಲ್ಲುವುದಿಲ್ಲ, ಹೆಚ್ಚುತ್ತದೆ. ಗಾಜು ಮಂಜಾಗದಿರಲು ಮಗುವಿನ ಶಾಂಪೂ ಒಂದು ಹನಿ ಸವರಿ ತೊಳೆಯಿರಿ. ದಣಿದರೆ ಹವಳದ ಮೇಲೆ ನಿಲ್ಲಬೇಡಿ, ಲೈಫ್ ಜಾಕೆಟ್ ಇದ್ದೇ ಇದೆ, ಅಂಗಾತ ತೇಲಿ. ನಿಂತರೆ ಹವಳ ಮುರಿಯುತ್ತದೆ, ನಿಮ್ಮ ಕಾಲೂ ಕೊಯ್ಯುತ್ತದೆ, ಆ ಗಾಯ ಸೆಕೆಗೆ ಬೇಗ ಕೀವಾಗುತ್ತದೆ. ಸೋಪು ಹಾಕಿ ಸಿಹಿನೀರಿನಲ್ಲಿ ತೊಳೆಯುವುದು ಮೊದಲ ಚಿಕಿತ್ಸೆ. ಬೆನ್ನು, ಮೀನಖಂಡದ ಹಿಂಭಾಗ ಸುಡದಿರಲು ಕ್ರೀಮಿಗಿಂತ ತುಂಬುತೋಳಿನ ಬಿಗಿ ಅಂಗಿ, ಉದ್ದ ಲೆಗ್ಗಿಂಗ್ ಉತ್ತಮ, ಕೆಲವು ಕ್ರೀಮುಗಳ ರಾಸಾಯನಿಕ ಹವಳಕ್ಕೂ ಹಾನಿ.

ಗಾಳಿಯ ಸಿಲಿಂಡರ್ ಹೊತ್ತು ಆಳಕ್ಕಿಳಿಯುವ ಸ್ಕೂಬಾ ಮಾಡಲು ಈಜು ಬರಬೇಕಿಲ್ಲ, ತರಬೇತುದಾರರು ಹಿಡಿದುಕೊಂಡೇ ಇರುತ್ತಾರೆ. ಮೊದಲ ಸಲದವರಿಗೆ 12 ಮೀಟರ್ ಗರಿಷ್ಠ. ಪ್ರತಿ ಮೀಟರ್ ಇಳಿದಾಗಲೂ ಮೂಗು ಹಿಡಿದು ಮೆಲ್ಲಗೆ ಊದಿ ಕಿವಿ ಬಿಡಿಸಿಕೊಳ್ಳಬೇಕು, ನೋವು ಬಂದ ಮೇಲೆ ಊದಿದರೆ ತಡವಾಯಿತು. ಉಸಿರು ಕಟ್ಟಲೇಬಾರದು. ನೆಗಡಿ ಇದ್ದ ದಿನ ಇಳಿಯಬೇಡಿ, ಆಸ್ತಮಾ, ಹೃದಯದ ತೊಂದರೆ, ಕಿವಿ ಆಪರೇಷನ್ ಆದವರು ವೈದ್ಯರನ್ನು ಕೇಳದೆ ಇಳಿಯಬಾರದು. ಕೊನೆಯ ಡೈವ್‌ಗೂ ವಿಮಾನಕ್ಕೂ ನಡುವೆ ಕನಿಷ್ಠ 18 ಗಂಟೆ ಇರಬೇಕು. ಒತ್ತಡದಲ್ಲಿ ರಕ್ತಕ್ಕೆ ಸೇರಿದ ಸಾರಜನಕ ನಿಧಾನವಾಗಿ ಹೊರಹೋಗಬೇಕು, ಬೇಗ ಮೇಲೇರಿದರೆ ಗುಳ್ಳೆಯಾಗಿ ಕೀಲು, ನರ ಹಿಡಿಯುತ್ತದೆ. ಮೇಲೆ ಹೇಳಿದ ಕೊನೆಯ ರಾತ್ರಿಗೆ ಇದು ಎರಡನೆಯ ಕಾರಣ.

ಮೊಸಳೆಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಉಪ್ಪುನೀರಿನ ಮೊಸಳೆ ಕಡಲಲ್ಲೂ ಈಜುತ್ತದೆ, 2010ರಲ್ಲಿ ಸ್ವರಾಜ್ ದ್ವೀಪದಲ್ಲೇ ಒಬ್ಬ ಪ್ರವಾಸಿ ಸತ್ತಿದ್ದಾರೆ. ಹಳ್ಳ ಕಡಲು ಸೇರುವ ಬಾಯಿ, ಕಾಂಡ್ಲಾ ಅಂಚು, ಮುಂಜಾವು–ಮುಸ್ಸಂಜೆಯ ನೀರು, ಇವುಗಳಿಂದ ದೂರವಿರಿ. ಫಲಕ ಕಂಡರೆ ನಂಬಿ, ಬಲೆ ಕಟ್ಟಿದ ಕಡೆ ಬಲೆಯ ಒಳಗೇ ಈಜಿ.

ದಿನನಿತ್ಯದ ಪೀಡೆ ಮಾತ್ರ ಮರಳ ನೊಣ. ಉಂಬಳಕ್ಕೆ ಅಭ್ಯಾಸವಾದ ಮೈಗೂ ಇದು ಹೊಸತು: ಕಚ್ಚಿದ್ದು ಗೊತ್ತಾಗುವುದಿಲ್ಲ, ಮರುದಿನ ತುರಿಕೆ ಎದ್ದು ವಾರವಿಡೀ ಇರುತ್ತದೆ. ಬೆಳಿಗ್ಗೆ, ಸಂಜೆ ಒದ್ದೆ ಮರಳಿನ ಮೇಲೆ ಬರಿಮೈಯಲ್ಲಿ ಕೂರಬೇಡಿ. ಕೊಬ್ಬರಿ ಎಣ್ಣೆಯನ್ನು ದಪ್ಪಗೆ ಸವರಿಕೊಂಡರೆ ಅವು ಚರ್ಮ ಮುಟ್ಟುವ ಮೊದಲೇ ಅಂಟಿಕೊಳ್ಳುತ್ತವೆ. ಕೆರೆದರೆ ಹುಣ್ಣಾಗುತ್ತದೆ.

ನಗದು ಒಯ್ಯಿರಿ, ಚಿಕ್ಕ ದ್ವೀಪಗಳಲ್ಲಿ ಎಟಿಎಂ ಕಡಿಮೆ. 2020ರಲ್ಲಿ ಚೆನ್ನೈಯಿಂದ ಸಮುದ್ರದಡಿಯ ಕೇಬಲ್ ಬಂದ ಮೇಲೆ ಇಂಟರ್ನೆಟ್ ಸುಧಾರಿಸಿದೆ, ಆದರೂ ಟಿಕೆಟ್ಟುಗಳ ಮುದ್ರಿತ ಪ್ರತಿ ಇರಲಿ. ಮಾತು ಹಿಂದಿಯಲ್ಲಿ ನಡೆಯುತ್ತದೆ, ಬಂಗಾಳಿ, ತಮಿಳು ಎಲ್ಲ ಕಡೆ ಕೇಳಿಸುತ್ತದೆ. ಅನ್ನ–ಮೀನು ತಿನ್ನುವವರಿಗೆ ಊಟದ ಚಿಂತೆ ಇಲ್ಲ.

ವಾಪಸು ಹೊರಡುವ ದಿನ ಮಕ್ಕಳ ಚೀಲ ಒಮ್ಮೆ ಕೊಡವಿ ನೋಡಿ. ತೀರದಲ್ಲಿ ಬಿದ್ದಿದ್ದ ಸತ್ತ ಹವಳದ ಚೂರೂ ವನ್ಯಜೀವಿ ಕಾಯ್ದೆಯ ಅಡಿ ಬರುತ್ತದೆ, ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಹಿಡಿಯುತ್ತಾರೆ. ಶಂಖದ ಚಿಪ್ಪನ್ನು ಹೊರುವ ಸನ್ಯಾಸಿ ಏಡಿಗಳು ಅಲ್ಲಿನ ಮರಳಿನಲ್ಲಿ ಸಾವಿರಾರು, ಖಾಲಿ ಚಿಪ್ಪು ಸಿಗದೆ ಬಾಟಲಿ ಮುಚ್ಚಳ ಹೊತ್ತು ತಿರುಗುವವೂ ಇವೆ. ಸಿಕ್ಕ ಚಿಪ್ಪನ್ನು ಉಬ್ಬರದ ಗೆರೆಯ ಮೇಲೆ, ನೆರಳಿರುವ ಕಡೆ ಇಟ್ಟು ಬನ್ನಿ.